ಅರ್ಧ ಸೆಕೆಂಡಿನ ಸೋಮಾರಿತನ

ಜನವರಿ 6

ಪ್ರೀತಿಯ ಪಿಟೀಲು,

ಭಾನುವಾರ ಫೋನಿನಲ್ಲಿ ನೀನು "ಮಾವ, ಹೊಸ ಕಂಪ್ಯೂಟರಿಗೆ ಯಾವ ಲಿನಕ್ಸ್ ಹಾಕಿದ್ರಿ?" ಎಂದು ಕೇಳಿದ್ದೇ ತಪ್ಪಾಯಿತು. ನಿನ್ನತ್ತೆ ಫೋನು ಕಿತ್ತುಕೊಂಡು, "ಶುರುವಾಯ್ತಾ ನಿಮ್ದು? ಫೋನಲ್ಲಿ ಆರೋಗ್ಯ, ಊಟ, ನಿದ್ದೆ, ಇಷ್ಟೇ. ಅದೇನು ಕಿತ್ತಾಡ್ಬೇಕೋ ಕಾಗದದಲ್ಲಿ ಕಿತ್ತಾಡಿ" ಎಂದು ಕೂಗಿದ್ದು ನಿನಗೂ ಕೇಳಿಸಿರಬೇಕು. ಹೋದ ಸಲ ನಾವಿಬ್ಬರೂ ಪ್ರೋಗ್ರಾಂ ಬರೆಯುವ ಆ ಹಳೆಯ ಸಿ ಭಾಷೆ ಸತ್ತಿದೆಯೋ ಬದುಕಿದೆಯೋ ಎಂದು ಜಗಳವಾಡುತ್ತಿದ್ದಾಗ ಒಲೆಯ ಮೇಲೆ ಇಟ್ಟದ್ದು ಸೀದು ಕರಕಲಾಗಿತ್ತು. ಆ ಪಾತ್ರೆ ಇನ್ನೂ ಉಜ್ಜಿ ಬೆಳ್ಳಗಾಗಿಲ್ಲ. ಆದ್ದರಿಂದ ಅವಳ ಕಾನೂನಿಗೆ ತಲೆಬಾಗಿ ಇಂಕು ಪೆನ್ನು ತುಂಬಿಸಿ ಕೂತಿದ್ದೇನೆ.

ಲೈಟ್ ರೂಮಿನ ಹಳೆಯ ಕಂಪ್ಯೂಟರು ಕೊನೆಗೂ ಕೈಕೊಟ್ಟಿತು. ನೀನು ಕಾಲೇಜಿನ ರಜೆಗೆ ಬಂದಾಗ, ರಂಗಮಂದಿರದ ಹಿಂಬದಿಯ ಆ ಗೂಡಿನಂಥ ಕೋಣೆಯಲ್ಲಿ ನನ್ನ ಪಕ್ಕ ಕೂತು, ಲಿನಕ್ಸ್ ಹಾಕಿ, ಬೆಳಕು ನಡೆಸುವುದಕ್ಕೆಂದು ‘ಮಿಣುಕು’ ಎಂಬ ಪ್ರೋಗ್ರಾಂ ಬರೆದುಕೊಟ್ಟ ಅದೇ ಡಬ್ಬ. ನಾಟಕದ ಮಧ್ಯೆ ಒಂದು ದಿನವೂ ನನ್ನ ಮಾನ ಕಳೆಯಲಿಲ್ಲ. ಹೊಸ ಡಬ್ಬ ತಂದು ನಾನೇ ಹೊಸ ಲಿನಕ್ಸ್ ಹಾಕಿದೆ. ಹಾಕಿದ ಮೇಲೆ ನೋಡಿದರೆ ಪರದೆಯ ತುಂಬ ಬೆಟ್ಟ, ಸರೋವರ, ಕೆಳಗಡೆ ಕುಣಿಯುವ ಚಿತ್ರಗಳು! ಪ್ರೇಕ್ಷಕರು ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತಿರುವಾಗ ನನ್ನ ಮುಖದ ಮೇಲೆ ಸರೋವರದ ಬೆಳಕು ಬಿದ್ದರೆ ಹೇಗಿರುತ್ತದೆ? ಎಲ್ಲವನ್ನೂ ಕಿತ್ತುಹಾಕಿ, ಕಪ್ಪು ಪರದೆ ಮತ್ತು ಅದರಲ್ಲಿ ಬರೀ ಅಕ್ಷರದಲ್ಲಿ ಆಜ್ಞೆ ಕೊಡುವ ಒಂದು ಟರ್ಮಿನಲ್ ಮಾತ್ರ ಉಳಿಸಿಕೊಂಡೆ. ಕಂಪ್ಯೂಟರು ಬಾಗಿಲಿನ ಚಿಲಕದ ಹಾಗಿರಬೇಕು ಕಣೆ. ಕತ್ತಲಲ್ಲಿ ಕೈಚಾಚಿದರೆ ಇದ್ದಲ್ಲೇ ಸಿಗಬೇಕು.

ಒಂದು ತೊಂದರೆ ಇದೆ. ದೀಪಗಳಿಗೆ ಕರೆಂಟು ಹಂಚುವ ಪೆಟ್ಟಿಗೆಯನ್ನೂ ಹೊಸದು ತಂದಿದ್ದಾರೆ. ನಿನ್ನ ಹಳೆಯ ಮಿಣುಕು ಅದರ ಜೊತೆ ಮಾತಾಡುವುದಿಲ್ಲ, ಮುಖ ತಿರುಗಿಸಿಕೊಂಡು ಕೂತಿದೆ. ಏಪ್ರಿಲ್ ಮೊದಲ ವಾರ ಹೊಸ ನಾಟಕ. ಹೊಸದಾಗಿ ಬಂದಿರುವ ನಿರ್ದೇಶಕಿ ಒಳ್ಳೆಯ ಹುಡುಗಿ, ಆದರೆ ಅವಳಿಗೆ ಗಾಜಿನ ಮೇಲೆ ಬೆರಳಾಡಿಸಿ ಬೆಳಕು ನಡೆಸುವ ದೊಡ್ಡ ಬೋರ್ಡಿನ ಮೇಲೆ ಕಣ್ಣು ಬಿದ್ದಿದೆ. ಬೋರ್ಡಿನ ಜೊತೆಗೆ ಅದನ್ನು ನಡೆಸುವವನೂ ಬರುತ್ತಾನಂತೆ. ನೀನು ಬೇಗ ಏನಾದರೂ ಮಾಡು.

ನಿನ್ನ,
ಮಾವ

(ನಿನ್ನತ್ತೆ ನಾಟಕದ ಉಡುಪು ಹೊಲಿಯುತ್ತಾ, "ಪಿಟೀಲು ಅನ್ಬೇಡಿ, ಅವಳಿಗೆ ವಯಸ್ಸಾಯ್ತು" ಎನ್ನುತ್ತಿದ್ದಾಳೆ. ತೊಟ್ಟಿಲಲ್ಲಿ ಅತ್ತ ಶ್ರುತಿಯಲ್ಲೇ ನೀನು ಇವತ್ತಿಗೂ ವಾದ ಮಾಡುತ್ತೀಯ, ನಾನೇನು ಮಾಡಲಿ?)


ಜನವರಿ 21

ಪ್ರೀತಿಯ ಮಾವ,

ಸರೋವರಕ್ಕೆ ನಿಮ್ಮ ಕೈಯಲ್ಲಿ ಒದಗಿದ ಗತಿ ಓದಿ ನಕ್ಕೂ ನಕ್ಕೂ ಸಾಕಾಯಿತು. ಆಫೀಸಿನಲ್ಲಿ ಪಕ್ಕದ ಮೇಜಿನವಳಿಗೆ ಓದಿ ಹೇಳಿದೆ. "ನಿಮ್ಮ ಮಾವ ಇಲ್ಲಿಗೆ ಬಂದು ನಮ್ಮ ಕಂಪ್ಯೂಟರನ್ನೂ ಸರಿ ಮಾಡ್ತಾರಾ?" ಎಂದು ಕೇಳಿದಳು.

ಇದರ ಜೊತೆಗಿರುವ ಪೆನ್‌ಡ್ರೈವಿನಲ್ಲಿ ಹೊಸ ಮಿಣುಕು ಇದೆ. ಹಳೆಯದನ್ನು ತೇಪೆ ಹಾಕಲು ತೆರೆದೆ ಮಾವ. ತೆರೆದು ನಾಚಿಕೆಯಿಂದ ಸಾಯುವ ಹಾಗಾಯಿತು. ಏನೂ ಗೊತ್ತಿಲ್ಲದ ಕಾಲದಲ್ಲಿ ಬರೆದ ಸಿ ಕೋಡು. ನೀವು ಸ್ಪೇಸ್ ಬಾರ್ ಒತ್ತಿದಾಗ ಒಂದು ಕ್ಯೂ, ಅಂದರೆ ಬೆಳಕಿನ ಒಂದು ಬದಲಾವಣೆ, ನಡೆಯಬೇಕು ತಾನೇ? ಅದು ನಡೆದ ಮೇಲೆ ಆ ಪ್ರೋಗ್ರಾಂ ಅರ್ಧ ಸೆಕೆಂಡು ಸುಮ್ಮನೆ ನಿದ್ದೆ ಮಾಡುತ್ತದೆ! ಆ ಹೊತ್ತಿನಲ್ಲಿ ಯಾವ ಗುಂಡಿ ಒತ್ತಿದರೂ ಅದಕ್ಕೆ ಕಿವಿಯೇ ಕೇಳಿಸುವುದಿಲ್ಲ. ಆಗ ಬೇರೆ ದಾರಿ ಗೊತ್ತಿಲ್ಲದೆ ಸೋಮಾರಿತನದಿಂದ ಹಾಗೆ ಬರೆದಿದ್ದೆ. ಈಗ ಎಲ್ಲವನ್ನೂ ಕಿತ್ತು ರಸ್ಟ್ ಭಾಷೆಯಲ್ಲಿ ಹೊಸದಾಗಿ ಕಟ್ಟಿದ್ದೇನೆ. ಒತ್ತಿದ ತಕ್ಷಣ ಕ್ಯೂ, ಮತ್ತೆ ಒತ್ತಿದರೆ ಮತ್ತೆ ಕ್ಯೂ. ನಿದ್ದೆಗಿದ್ದೆ ಇಲ್ಲ.

ಸಿ ನಿಮ್ಮನ್ನು ನಂಬುತ್ತದೆ, ರಸ್ಟ್ ಯಾರನ್ನೂ ನಂಬುವುದಿಲ್ಲ. ನನಗೂ ಅದೇ ಇಷ್ಟ. ಪ್ರತಿಯೊಂದು ಸಂಖ್ಯೆಗೂ ಕೆಳಗಿನ ಮಿತಿ, ಮೇಲಿನ ಮಿತಿ ಇಟ್ಟಿದ್ದೇನೆ. ರಂಗದ ಮೇಲಿನ ಸೂರ್ಯೋದಯ ಮೂರು ಗಂಟೆ ಹಿಡಿಯಲಿ ಎಂದು ನೀವು ಬರೆದರೆ ಅದು ಒಪ್ಪುವುದಿಲ್ಲ, ಹತ್ತು ನಿಮಿಷಕ್ಕೆ ನಿಲ್ಲಿಸುತ್ತದೆ. ಮಿತಿ ಇಲ್ಲದ ಸಂಖ್ಯೆ ನನ್ನ ಪ್ರೋಗ್ರಾಮಿನ ಹೊಸಿಲು ದಾಟಕೂಡದು. ಆಫೀಸಿನಲ್ಲಿ ಈ ಮಾತಿಗೆ ನನ್ನನ್ನು ‘ಮಿತಿಮಾತೆ’ ಎನ್ನುತ್ತಾರೆ.

ಇನ್ನೊಂದು ಸಂಗತಿ ನಿಮಗೆ ಹೇಳಿರಲಿಲ್ಲ. ಕೋಡನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದ್ದೆನಲ್ಲ, ಎಲ್ಲೆಲ್ಲಿಯದೋ ಪುಟ್ಟಪುಟ್ಟ ರಂಗಮಂದಿರದವರು ಮಿಣುಕು ಬಳಸುತ್ತಿದ್ದಾರೆ. ಮುಖ ನೋಡದ ಜನ ಕೋಡು ಓದಿ, ಚೆನ್ನಾಗಿದೆ ಎಂದು ಬರೆಯುತ್ತಾರೆ. ಆ ಅರ್ಧ ಸೆಕೆಂಡಿನ ನಿದ್ದೆ ಇದುವರೆಗೂ ಯಾರ ಕಣ್ಣಿಗೂ ಬಿದ್ದಂತಿಲ್ಲ, ಬೀಳುವ ಮೊದಲೇ ತೆಗೆದೆನಲ್ಲ ಎಂದು ಸಮಾಧಾನವಾಗಿದೆ.

ಅತ್ತೆಗೆ ನನ್ನ ನಮಸ್ಕಾರ. ನನಗೆ ಎಷ್ಟೇ ವಯಸ್ಸಾದರೂ ಪಿಟೀಲು ಎನ್ನಬಹುದು ಎಂದು ಹೇಳಿ.

ನಿಮ್ಮ,
ಪಿಟೀಲು


ಫೆಬ್ರವರಿ 12

ಪ್ರೀತಿಯ ಪಿಟೀಲು,

ಈ ಕಾಗದವನ್ನು ಕಂಪ್ಯೂಟರಿನಲ್ಲಿ ಬರೆದು ಅಚ್ಚು ಹಾಕಿಸಿದ್ದೇನೆ, ತಪ್ಪು ತಿಳಿಯಬೇಡ. ಪೆನ್ನು ಸೋರುತ್ತಿದೆ. ರಿಪೇರಿಗೆ ಕೊಟ್ಟಿದ್ದೇನೆ.

ಮೊದಲು ಹೊಗಳಿಕೆ. ನಿನ್ನ ಹೊಸ ಮಿಣುಕು ಕಣ್ಣಿಗೆ ಹಿತವಾಗಿದೆ, ಕಪ್ಪು ಪರದೆಯ ಮೇಲೆ ಬೂದುಬಣ್ಣದ ಅಕ್ಷರ. ಹೊಸ ಪೆಟ್ಟಿಗೆಯ ಜೊತೆ ಚೆನ್ನಾಗಿ ಮಾತಾಡುತ್ತದೆ. ಏರುವ ಬೆಳಕು ರೇಷ್ಮೆಯ ಹಾಗೆ ಏರುತ್ತದೆ. ನಿನ್ನತ್ತೆಯನ್ನು ಕರೆದು ತೋರಿಸಿದೆ.

ಈಗ ದೂರು. ಒಂದು ಸಲ ಒತ್ತಿದರೆ ಎರಡು ಕ್ಯೂ ಹೋಗುತ್ತಿವೆ. ಯಾವಾಗಲೂ ಅಲ್ಲ, ಆಗಾಗ. ನಾಟಕದ ಮೊದಲ ಅಂಕದ ಕೊನೆಗೆ ಹಡಗಿನ ಕ್ಯಾಪ್ಟನ್ ಸಾಯುತ್ತಾನೆ. ಕತ್ತಲಾಗಬೇಕು. ಆ ಕತ್ತಲಲ್ಲಿ ಅವನು ಎದ್ದು ಒಳಗೆ ಹೋದ ಮೇಲೆ ಅವನ ಹೆಂಡತಿಯ ಕೈಯಲ್ಲಿರುವ ಪತ್ರದ ಮೇಲೆ ಮಾತ್ರ ಸಣ್ಣ ಬೆಳಕು ಬೀಳಬೇಕು. ಮೊನ್ನೆ ತಾಲೀಮಿನಲ್ಲಿ ಕತ್ತಲೆ ಬಂದಿತೋ ಇಲ್ಲವೋ, ಬೆಳಕೂ ಬಂದುಬಿಟ್ಟಿತು. ಸತ್ತ ಕ್ಯಾಪ್ಟನ್ನು ಅವಳ ಕಾಲ ಬಳಿಯೇ ನಾಲ್ಕು ಕಾಲಿನಲ್ಲಿ ತೆವಳುತ್ತಾ ಬೀಳುವಾಗ ಕಳಚಿದ ಬೂಟು ಹುಡುಕುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಮಾರನೇ ದಿನ ಮತ್ತೆ ಅದೇ ಆಯಿತು. ಆವತ್ತು ಯಾರೂ ನಗಲಿಲ್ಲ.

ಹಳೆಯದು ನಾನು ಒತ್ತಿದ್ದನ್ನು ಒಂದೇ ಸಲ ಕೇಳಿಸಿಕೊಳ್ಳುತ್ತಿತ್ತು. ನಡೆಯುತ್ತಿರುವುದನ್ನು ಯಾಕೆ ಬದಲಾಯಿಸುತ್ತೀರಿ ನೀವು ಪ್ರೋಗ್ರಾಂ ಬರೆಯುವವರು? ಭಾಷೆ ಬದಲಾಯಿಸುತ್ತೀರಿ, ಡೆಸ್ಕ್‌ಟಾಪ್ ಬದಲಾಯಿಸುತ್ತೀರಿ, ಇದ್ದ ಗುಂಡಿಯನ್ನು ಇನ್ನೊಂದು ಮೂಲೆಗೆ ಒಯ್ದು ಅಡಗಿಸುತ್ತೀರಿ. ಸಿಯಲ್ಲಿ ಬರೆದದ್ದರಲ್ಲಿ ಏನು ಕೊರತೆಯಿತ್ತು? ಆ ನಿದ್ದೆಯನ್ನು ವಾಪಸ್ಸು ಹಾಕಿ ಕಳಿಸು. ಬೇರೆ ಯಾವುದನ್ನೂ ಮುಟ್ಟಬೇಡ.

ಮಾವ


ಫೆಬ್ರವರಿ 20

ಪ್ರೀತಿಯ ಮಾವ,

ಕ್ಯಾಪ್ಟನ್ ಬೂಟು ಹುಡುಕಿದ್ದು ಓದಿ ನಗು ತಡೆಯಲಾಗಲಿಲ್ಲ. ಆಮೇಲೆ ನಿಮ್ಮ ಬೈಗುಳ ಓದಿ ನಗು ನಿಂತಿತು.

ಎರಡು ದಿನ ಸಂಜೆ ಕೂತು ಸ್ಪೇಸ್ ಬಾರ್ ಒತ್ತಿದ್ದೇ ಒತ್ತಿದ್ದು. ಮೆಲ್ಲಗೆ ಒತ್ತಿದೆ, ಜೋರಾಗಿ ಒತ್ತಿದೆ, ಕಣ್ಣು ಮುಚ್ಚಿ ಒತ್ತಿದೆ. ಕೆಳಗಿನ ಮನೆಯವರು ಮೇಲೆ ಬಂದು "ಏನಾದ್ರೂ ಕುಟ್ತಾ ಇದೀರಾ?" ಎಂದು ಕೇಳಿ ಹೋದರು. ಒಂದು ಸಲವೂ ಎರಡು ಕ್ಯೂ ಹೋಗಲಿಲ್ಲ. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ ಮಾವ. ನಿಮ್ಮ ಕೀಬೋರ್ಡು ಹಳೆಯದಾಗಿದೆ. ಒಳಗಿನ ಸ್ಪ್ರಿಂಗು ಸಡಿಲವಾದರೆ ಒಂದು ಒತ್ತು ಎರಡಾಗುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಹೊಸ ಕೀಬೋರ್ಡು ಬೇರೆ ಪಾರ್ಸೆಲಿನಲ್ಲಿ ಬರುತ್ತಿದೆ. ಸ್ಪೇಸ್ ಬಾರ್ ಅಗಲವಾಗಿದೆ, ಸದ್ದಿಲ್ಲ, ಕತ್ತಲಲ್ಲಿ ನಿಮಗೆ ಇಷ್ಟವಾಗುತ್ತದೆ.

ನಿದ್ದೆಯನ್ನು ವಾಪಸ್ಸು ಹಾಕು ಎಂದಿರಿ. ಅದು ತಪ್ಪು ಮಾವ, ತಪ್ಪನ್ನು ತಿದ್ದಿದ ಮೇಲೆ ಮತ್ತೆ ತಂದು ಕೂರಿಸುತ್ತಾರೆಯೇ? ಪೆನ್ನು ರಿಪೇರಿಯಾಗಿ ಬಂತೇ? ನಿಮ್ಮ ಅಕ್ಷರ ನೋಡದೆ ಕಾಗದ ಅರ್ಧ ಓದಿದ ಹಾಗಾಗುತ್ತದೆ.

ನಿಮ್ಮ,
ಪಿಟೀಲು


ಮಾರ್ಚ್ 3

ಪಿಟೀಲು,

ಕೀಬೋರ್ಡು ತಲುಪಿತು. ಚೆನ್ನಾಗಿದೆ. ಮೆತ್ತಗಿದೆ. ಆದರೂ ಎರಡು ಕ್ಯೂ ಹೋಗುತ್ತಿವೆ. ಹಳೆಯ ಕೀಬೋರ್ಡಿನಲ್ಲಿ ಹೋಗುತ್ತಿದ್ದವು, ನಿನ್ನ ಹೊಸದರಲ್ಲೂ ಹೋಗುತ್ತಿವೆ.

ನಿದ್ದೆ ತಪ್ಪು ಎನ್ನುತ್ತೀಯ. ನಾನು ನಾಟಕದವನು, ನನ್ನ ಮಾತು ಕೇಳು. ಕಣ್ಣಿಗೆ ಕತ್ತಲು ಹೊಂದಿಕೊಳ್ಳಲು ಹೊತ್ತು ಬೇಕು. ಕತ್ತಲಾದ ಅರ್ಧ ಸೆಕೆಂಡಿನೊಳಗೆ ಮತ್ತೆ ಬೆಳಕು ಕೊಡುವ ಮನುಷ್ಯ ಯಾವ ರಂಗಮಂದಿರದಲ್ಲೂ ಇಲ್ಲ, ಇದ್ದರೆ ಅವನನ್ನು ಓಡಿಸಬೇಕು. ಅಂದಮೇಲೆ ನಿನ್ನ ನಿದ್ದೆಯಿಂದ ಯಾರಿಗೆ ನಷ್ಟ? ನೀನು ಅದನ್ನು ಸೋಮಾರಿತನ ಎಂದೆ. ನಾನು ಮರ್ಯಾದೆ ಎನ್ನುತ್ತೇನೆ. ಹೇಳಿದ್ದನ್ನು ಒಂದು ಸಲ ಕೇಳಿ, ತಾಳ್ಮೆಯಿಂದ ಕೂರುತ್ತಿತ್ತು ಆ ಪ್ರೋಗ್ರಾಂ. ನಿನ್ನ ರಸ್ಟು ಬಾಗಿಲು ತಟ್ಟುವ ಮೊದಲೇ ತೆರೆದು ನಿಲ್ಲುತ್ತದೆ.

ನಿರ್ದೇಶಕಿ ಮೊನ್ನೆ ತಾಲೀಮು ಮುಗಿಸಿ ಲೈಟ್ ರೂಮಿಗೆ ಬಂದಳು. ಆ ಕಡಿದಾದ ಏಣಿ ಹತ್ತಿಕೊಂಡು ಅವಳು ಬಂದದ್ದು ಇದೇ ಮೊದಲು. "ಸರ್, ಕೊನೆಯ ತಾಲೀಮಿನ ತನಕ ನೋಡೋಣ. ಆಗ್ಲೂ ಹೀಗೇ ಆದ್ರೆ ಬೋರ್ಡು ತರಿಸ್ತೀನಿ. ನನಗೆ ಬೇರೆ ದಾರಿ ಇಲ್ಲ" ಎಂದಳು. ಮೆತ್ತಗೇ ಹೇಳಿದಳು. ಅದಕ್ಕೇ ಹೆಚ್ಚು ನೋವಾಯಿತು. ನಾನು ಆ ಗಾಜಿನ ಬೋರ್ಡಿನ ಮೇಲೆ ಬೆರಳಿಡುವವನಲ್ಲ. ಅದು ಬಂದ ದಿನ ನಾನು ಮನೆಗೆ ಹೋಗುತ್ತೇನೆ.

ನಿನ್ನತ್ತೆ ಈಗ ದಿನಾ ಲೈಟ್ ರೂಮಿಗೆ ಬಂದು ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾಳೆ. ಗುಂಡಿ ಹೊಲಿಯಲು ಅಲ್ಲಿ ಬೆಳಕೇ ಇಲ್ಲ, ಆದರೂ ಕೂರುತ್ತಾಳೆ. ಚಹಾ ತಂದರೆ ಲೋಟದಲ್ಲಿ ಅರ್ಧಕ್ಕೇ ತರುತ್ತಾಳೆ. ಜಿಪುಣತನ ಶುರುವಾಗಿದೆ ಅವಳಿಗೆ.

ನಿದ್ದೆ ವಾಪಸ್ಸು ಹಾಕು.

ಮಾವ


ಮಾರ್ಚ್ 9

ಮಾವ,

ನಿಮ್ಮ ಕಾಗದ ಓದಿ ನನಗೂ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ನಾಲ್ಕು ವಾರ ರಜೆಯ ದಿನಗಳನ್ನೆಲ್ಲ ಇದಕ್ಕೇ ಸುರಿದಿದ್ದೇನೆ. ನಿಮಗೆ ಹೊಸದು ಬೇಡ, ಅಷ್ಟೇ. ಅದಕ್ಕೆ ಕಣ್ಣು, ಕತ್ತಲು, ಮರ್ಯಾದೆ ಎಂದು ಸಬೂಬು ಹುಡುಕುತ್ತೀರಿ. ನಿಮಗೆ ಬೇಕೆಂದು ನಾನು ತಪ್ಪನ್ನು ವಾಪಸ್ಸು ತಂದರೆ, ಬೇರೆ ರಂಗಮಂದಿರದವರು ಅದನ್ನು ಓದಿ ಏನನ್ನುತ್ತಾರೆ? ಬೇಕಾದರೆ ಹೀಗೆ ಮಾಡಬಹುದು: ಕ್ಯೂ ಹೋಗಬೇಕಾದರೆ ಎರಡು ಗುಂಡಿಗಳನ್ನು ಒಟ್ಟಿಗೆ ಹಿಡಿದು ಒತ್ತಬೇಕು, ಎಡಗೈಯಲ್ಲೊಂದು, ಬಲಗೈಯಲ್ಲೊಂದು. ಕೈ ಸ್ವಲ್ಪ ನಿಧಾನವಾಗಿಟ್ಟು ಗಮನ ಕೊಟ್ಟು ಒತ್ತಿದರೆ ತಪ್ಪಾಗುವುದಿಲ್ಲ.

ಅದೂ ಬೇಡವೆಂದರೆ ಬೋರ್ಡು ತರಿಸುವುದೇ ಒಳ್ಳೆಯದೇನೋ. ಕಲಿಯಲು ನಿಮಗೆ ಎರಡು ದಿನ ಸಾಕು. ಹಠ ಬಿಟ್ಟರೆ.

ಪಿಟೀಲು


ಮಾರ್ಚ್ 25

ಪ್ರೀತಿಯ ಮಾವ,

ನಿಮ್ಮಿಂದ ಉತ್ತರ ಬರಲಿಲ್ಲ. ಎರಡು ಭಾನುವಾರ ಫೋನು ಮಾಡಿದೆ. ಅತ್ತೆ "ಚೆನ್ನಾಗಿದಾರೆ" ಎಂದರು. ನೀವು ಬಂದು "ಚೆನ್ನಾಗಿದೀನಿ, ಊಟ ಆಯ್ತಾ?" ಎಂದಿರಿ. ನಾನೂ ಊಟ ಆಯಿತು ಎಂದೆ.

ಪ್ರೋಗ್ರಾಮುಗಳಲ್ಲಿ ಅಡಗಿದ ತಪ್ಪು, ಬಗ್, ಹುಡುಕುವುದು ನನ್ನ ಹೊಟ್ಟೆಪಾಡು. ಹುಡುಕುವ ಕ್ರಮ ನಿಮಗೂ ಗೊತ್ತು, ದೀಪ ಹೊತ್ತದಿದ್ದರೆ ನೀವು ಮಾಡುವುದೂ ಅದನ್ನೇ. ಬಲ್ಬು ಬದಲಿಸಿ ನೋಡು, ವೈರು ಬದಲಿಸಿ ನೋಡು, ಒಂದೊಂದನ್ನೇ ಅನುಮಾನದಿಂದ ಬಿಡುಗಡೆ ಮಾಡುತ್ತಾ ಬಾ. ನಿಮ್ಮ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಹಾಗೇ ಮಾಡಿದೆ. ಪ್ರೋಗ್ರಾಂ ಅಲ್ಲ, ಬೇರೆ ರಂಗಮಂದಿರದವರು ಯಾರೂ ದೂರಿಲ್ಲ. ಹಳೆಯ ಕೀಬೋರ್ಡು ಅಲ್ಲ. ಹೊಸ ಕೀಬೋರ್ಡೂ ಅಲ್ಲ. ಎರಡು ಕೀಬೋರ್ಡುಗಳಿಗೆ ಒಂದೇ ಕಾಯಿಲೆ ಇರುವುದಿಲ್ಲ. ಹಾಗಾದರೆ ಎರಡಕ್ಕೂ ಸೇರಿದ ಇನ್ನೊಂದು ಇರಬೇಕು ಎಂದುಕೊಂಡೆ. ವೈರೇ, ಮೇಜೇ, ಮೇಜಿನ ಕೆಳಗಿನ ಪೆಟ್ಟಿಗೆಯ ಗಡಗಡವೇ ಎಂದು ಎಲ್ಲವನ್ನೂ ಯೋಚಿಸಿದೆ. ಕೊನೆಗೆ ಕಣ್ಣು ಕಾಗದಗಳ ಮೇಲೆಯೇ ನಿಂತಿತು. ಮೊದಲನೆಯದು ಇಂಕಿನದು. ಮಿಕ್ಕಿದ್ದೆಲ್ಲ ಅಚ್ಚು ಹಾಕಿದ್ದು. ಪೆನ್ನು ಇನ್ನೂ ರಿಪೇರಿಯಾಗಿ ಬಂದಿಲ್ಲ. ಅತ್ತೆ ಚಹಾ ಅರ್ಧ ಲೋಟ ತರುತ್ತಾರೆ. ಬೆಳಕಿಲ್ಲದ ಕೋಣೆಗೆ ಬಂದು ನಿಮ್ಮ ಪಕ್ಕ ಕೂರುತ್ತಾರೆ.

ನಾನು ನಿಮಗೆ ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿ ಎಂದು ಬರೆದೆ. ಗಮನ ಕೊಟ್ಟು ಒತ್ತಿ ಎಂದೆ. ಗಾಜಿನ ಬೋರ್ಡು ಕಲಿಯಿರಿ ಎಂದೆ. ಆ ಕಾಗದವನ್ನು ದಯವಿಟ್ಟು ಹರಿದುಹಾಕಿ ಮಾವ.

ಇದರ ಜೊತೆ ಪೆನ್‌ಡ್ರೈವ್ ಇದೆ. ನಿದ್ದೆ ವಾಪಸ್ಸು ಬಂದಿದೆ. ಈ ಸಲ ಸೋಮಾರಿತನದಿಂದ ಬರೆದದ್ದಲ್ಲ, ಬೇಕೆಂದೇ, ಎಚ್ಚರದಿಂದ ಬರೆದದ್ದು. ಪ್ರೋಗ್ರಾಂ ಕೆಲಸ ಮಾಡುತ್ತಲೇ ಇರುತ್ತದೆ, ಆ ಒಂದು ಗುಂಡಿಗೆ ಮಾತ್ರ ಅರ್ಧ ಸೆಕೆಂಡು ಕಿವುಡಾಗುತ್ತದೆ. ಹೊತ್ತು ಎಷ್ಟಿರಬೇಕು ಎಂದು ನೀವೇ ಬದಲಿಸಿಕೊಳ್ಳಬಹುದು. ಎಲ್ಲರ ಮಿಣುಕಿನಲ್ಲೂ ಇದೇ ಇರುತ್ತದೆ. ಯಾರೋ ಒಬ್ಬರು ಆಗಲೇ "ಇದೇಕೆ ಬೇಕು?" ಎಂದು ಕೇಳಿದ್ದಾರೆ. "ಬೆಳಕು ನಡೆಸುವವರಿಗೆ ಬೇಕು" ಎಂದು ಬರೆದೆ. ನಾಚಿಕೆಯಾಗಲಿಲ್ಲ.

ಇದು ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ, ಅತ್ತೆಯ ಕಾನೂನು ನನಗೆ ಗೊತ್ತು. ಆದರೆ ಫೋನಿನಲ್ಲಿ ನೀವು ಚೆನ್ನಾಗಿದೀನಿ ಎನ್ನುತ್ತೀರಿ. ಕಾಗದದಲ್ಲಿ ಇದುವರೆಗೂ ನೀವು ನನಗೆ ಸುಳ್ಳು ಹೇಳಿದ್ದು ಪೆನ್ನಿನ ವಿಷಯದಲ್ಲಿ ಮಾತ್ರ ಎಂದುಕೊಳ್ಳುತ್ತೇನೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕೈ ಹೇಗಿದೆ ಮಾವ?

ನಿಮ್ಮ,
ಪಿಟೀಲು


ಏಪ್ರಿಲ್ 8

ನನ್ನ ಮುದ್ದು ಪಿಟೀಲು,

ಪೆನ್ನು ಸೋರುತ್ತಿರಲಿಲ್ಲ. ಇದೋ ಅದರಲ್ಲೇ ಬರೆಯುತ್ತಿದ್ದೇನೆ. ಅಕ್ಷರಗಳು ಸಾಲಿನ ಮೇಲೆ ನಿಲ್ಲದೆ ಕುಣಿಯುತ್ತಿವೆ, ತಾಳ್ಮೆಯಿಂದ ಓದಿಕೋ. ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹಿಡಿಯುತ್ತಿದೆ. ನಡುವೆ ನಿನ್ನತ್ತೆ ಬಂದು, "ಅಚ್ಚು ಹಾಕಿಸಬಾರ್ದಾ?" ಎಂದಳು. "ಇದನ್ನ ಮಾತ್ರ ನಾನೇ ಬರೀತೀನಿ" ಎಂದೆ. ಅರ್ಧ ಲೋಟ ಚಹಾ ಇಟ್ಟು ಹೋದಳು.

ಕೈ ಚೆನ್ನಾಗಿಲ್ಲ ಕಣೆ. ಬಲಗೈ ಸುಮ್ಮನೆ ಇಟ್ಟ ಕಡೆಯೇ ನಡುಗುತ್ತದೆ. ಹೊಸ ಮಿಣುಕು ಬರುವ ತನಕ ನನಗೇ ಅದು ಸರಿಯಾಗಿ ಗೊತ್ತಿರಲಿಲ್ಲ ಎಂದರೆ ನಂಬುತ್ತೀಯಾ? ಅಂಗಿಯ ಗುಂಡಿ ಹಾಕಲು ತಡವಾದರೆ ವಯಸ್ಸು ಎಂದುಕೊಂಡೆ, ಚಹಾ ಚೆಲ್ಲಿದರೆ ಲೋಟ ಬಿಸಿ ಎಂದುಕೊಂಡೆ. ಸ್ಪೇಸ್ ಬಾರ್ ಒತ್ತಿ ಬೆರಳನ್ನು ಅದರ ಮೇಲೆಯೇ ಇಟ್ಟಿರುತ್ತಿದ್ದೆ, ಬೆರಳು ಮತ್ತೆ ಒತ್ತುತ್ತಿತ್ತು, ನಿನ್ನ ಹಳೆಯ ಪ್ರೋಗ್ರಾಂ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಎಷ್ಟು ದಿನದಿಂದ ಹಾಗೆ ಕಾಪಾಡುತ್ತಿತ್ತೋ ಯಾರಿಗೆ ಗೊತ್ತು. ಹೊಸದು ಬಂದ ಮೇಲೆ ನನ್ನ ಕೈ ಏನು ಮಾಡುತ್ತಿದೆ ಎಂದು ಇಡೀ ರಂಗದ ಮೇಲೆ ಕಾಣಿಸಿತು. ಡಾಕ್ಟರ ಹತ್ತಿರ ಹೋದೆ. ಅವರು ಉದ್ದದ ಹೆಸರು ಹೇಳಿದರು, ಮಾತ್ರೆ ಕೊಟ್ಟರು. "ವಾಸಿಯಾಗೋದಿಲ್ಲ, ನಿಧಾನ ಮಾಡಬಹುದು" ಎಂದರು. ನಿನಗೆ ಹೇಳಬಾರದು ಎಂದು ನಿನ್ನತ್ತೆಯಿಂದ ಮಾತು ತೆಗೆದುಕೊಂಡೆ. ಅವಳು ಒಪ್ಪಿದಳು, ಆದರೆ ಆಮೇಲೆ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನೀನು ಹೆದರುತ್ತೀಯ ಎಂದಲ್ಲ. ಹೇಳಿದರೆ ನೀನು ನನ್ನ ಜೊತೆ ಜಗಳವಾಡುವುದನ್ನು ನಿಲ್ಲಿಸುತ್ತೀಯ ಎಂದು. ಸಿ, ರಸ್ಟು, ಲಿನಕ್ಸು ಎಂದು ನಿನ್ನ ಜೊತೆ ಕಿತ್ತಾಡುವುದು ನನಗೆಷ್ಟು ಇಷ್ಟ ಎಂದು ನಿನಗೆ ಗೊತ್ತಿಲ್ಲ. "ಹೂಂ ಮಾವ, ಆಯ್ತು ಮಾವ" ಎನ್ನುವ ಪಿಟೀಲನ್ನು ಇಟ್ಟುಕೊಂಡು ನಾನೇನು ಮಾಡಲಿ? ನಿನ್ನ ಸಿಟ್ಟಿನ ಕಾಗದವನ್ನು ಹರಿದಿಲ್ಲ. ಚೆನ್ನಾಗಿ ಬೈದಿದ್ದೀಯ, ಇಟ್ಟುಕೊಂಡಿದ್ದೇನೆ.

ಪೆನ್‌ಡ್ರೈವ್ ಕೊನೆಯ ತಾಲೀಮಿನ ಬೆಳಿಗ್ಗೆ ಕೈಗೆ ಬಂತು. ಅದನ್ನು ಹಾಕುವ ಮೊದಲು ನಿರ್ದೇಶಕಿಯ ಕೋಣೆಗೆ ಹೋಗಿ ಬಲಗೈಯನ್ನು ಅವಳ ಮೇಜಿನ ಮೇಲೆ ಇಟ್ಟೆ. ನೀನು ಕೇಳಿದ್ದಕ್ಕೆ ಅಷ್ಟು ಧೈರ್ಯ ಬಂದಿತ್ತು. ಅವಳು ಕೈಯನ್ನು ನೋಡಿದಳು, ನನ್ನನ್ನು ನೋಡಿದಳು. "ಮೊದ್ಲೇ ಹೇಳಿದ್ರೆ ಆ ಬೋರ್ಡಿನವನ ಮುಂದೆ ಅಷ್ಟು ದಿನ ಹಲ್ಲು ಕಿರಿಯೋದು ತಪ್ತಿತ್ತಲ್ಲ ಸರ್" ಎಂದಳು. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದಳು, "ಸಂಜೆ ನೋಡೋಣ. ಚೆನ್ನಾಗಿ ಆದ್ರೆ ನೀವೇ. ಆದ್ರೆ ಪ್ರತಿ ನಾಟಕಕ್ಕೂ ಮೊದಲು ನೀವಾಗಿ ನನಗೆ ಹೇಳ್ಬೇಕು, ಆಗುತ್ತೋ ಇಲ್ವೋ ಅಂತ. ನಾನು ಕೇಳೋದಿಲ್ಲ." ನಾನು ಒಪ್ಪಿದೆ. ಸಂಜೆ ಚೆನ್ನಾಗಿಯೇ ಆಯಿತು.

ಮೊದಲ ಪ್ರದರ್ಶನ ಮೊನ್ನೆ ಆಯಿತು. ಜನ ಕಿಕ್ಕಿರಿದಿದ್ದರು. ಮೊದಲ ಅಂಕದ ಕೊನೆಗೆ ಕ್ಯಾಪ್ಟನ್ ಸತ್ತ. ನಾನು ಒತ್ತಿದೆ. ಕತ್ತಲಾಯಿತು. ಬೆರಳು ನಡುಗಿ ಮತ್ತೆ ಒತ್ತಿದ್ದು ನನಗೆ ಗೊತ್ತಾಯಿತು, ನಿನ್ನತ್ತೆ ಪಕ್ಕದಲ್ಲಿ ಉಸಿರೆಳೆದುಕೊಂಡದ್ದೂ ಕೇಳಿಸಿತು. ಕತ್ತಲು ಕತ್ತಲಾಗಿಯೇ ಇತ್ತು. ಕೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಕ್ಯಾಪ್ಟನ್ನು ಬೂಟು ಸಮೇತ ಒಳಗೆ ಹೋದ. ಹೋದ ಮೇಲೂ ನಾನು ಇನ್ನೂ ಸ್ವಲ್ಪ ಹೊತ್ತು ಬೆಳಕು ಕೊಡಲಿಲ್ಲ, ಕೊಡಬೇಕೆನ್ನಿಸಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಆ ಹೆಂಡತಿಯ ಕೈಯಲ್ಲಿದ್ದ ಪತ್ರದ ಮೇಲೆ ಬೆಳಕಿಟ್ಟೆ. ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ಅಷ್ಟು ಒಳ್ಳೆಯ ಕತ್ತಲನ್ನು ನಾನು ಮಾಡಿರಲಿಲ್ಲ.

ಇನ್ನು ಒಂದು ತಾಂತ್ರಿಕ ಪ್ರಶ್ನೆ, ನಿನ್ನತ್ತೆಯ ಕಾನೂನಿನ ಪ್ರಕಾರ ಕಾಗದದಲ್ಲೇ ಕೇಳುತ್ತಿದ್ದೇನೆ. ಸದ್ಯಕ್ಕೆ ಅರ್ಧ ಸೆಕೆಂಡು ಸಾಕು. ಆದರೆ ಡಾಕ್ಟರು ಹೇಳಿದ ಮೇಲೆ, ಮುಂದೆ ಅದನ್ನು ಹೆಚ್ಚಿಸುತ್ತಾ ಹೋಗಬೇಕಾಗುತ್ತದೆ. ನೀನು ಮಿತಿಮಾತೆ, ಪ್ರತಿಯೊಂದು ಸಂಖ್ಯೆಗೂ ಒಂದು ಮೇಲ್ಮಿತಿ ಇಟ್ಟಿರುತ್ತೀಯ. ಈ ನಿದ್ದೆಗೆ ಎಷ್ಟು ಇಟ್ಟಿದ್ದೀಯ? ಮೊದಲೇ ಗೊತ್ತಿದ್ದರೆ, ಅಲ್ಲಿಗೆ ಬಂದಾಗ ಮನೆಗೆ ಹೋಗಲು ಮನಸ್ಸು ಸಿದ್ಧ ಮಾಡಿಕೊಂಡಿರುತ್ತೇನೆ.

ನಿನ್ನ,
ಮಾವ


ಏಪ್ರಿಲ್ 16

ಪ್ರೀತಿಯ ಮಾವ,

ನಿಮ್ಮ ಅಕ್ಷರ ಓದಲು ನನಗೂ ಒಂದು ಮಧ್ಯಾಹ್ನ ಹಿಡಿಯಿತು. ಒಂದು ಅಕ್ಷರವನ್ನೂ ಬಿಡಲಿಲ್ಲ. ಮುಂದಿನ ತಿಂಗಳು ರಜೆ ಹಾಕಿ ಬರುತ್ತಿದ್ದೇನೆ, ಆ ಸ್ಟೂಲನ್ನು ಅತ್ತೆ ನನಗೆ ಬಿಟ್ಟುಕೊಡಬೇಕು. ಸಿ ಭಾಷೆ ಸತ್ತಿದೆ ಎನ್ನುವ ನನ್ನ ಮಾತನ್ನು ಅಲ್ಲೇ ಕೂತು ರುಜುವಾತು ಮಾಡುತ್ತೇನೆ. ನಿಮ್ಮ ಕೈ ನಡುಗುತ್ತದೆ ಎಂದು ಸೋಲುವವಳು ನಾನಲ್ಲ. ಒಲೆಯ ಮೇಲೆ ಏನೂ ಇಡಬೇಡಿ ಎಂದು ಅತ್ತೆಗೆ ಹೇಳಿ.

ನಿಮ್ಮ ತಾಂತ್ರಿಕ ಪ್ರಶ್ನೆಗೆ ಉತ್ತರ. ಸೂರ್ಯೋದಯಕ್ಕೆ ಮಿತಿ ಇದೆ, ದೀಪಗಳ ಸಂಖ್ಯೆಗೆ ಇದೆ, ಬಣ್ಣಕ್ಕೆ ಇದೆ. ನಾನು ಬರೆದ ಎಲ್ಲದಕ್ಕೂ ಇದೆ.

ಆ ಒಂದು ಸಂಖ್ಯೆಗೆ ಮಾತ್ರ ಮೇಲ್ಮಿತಿ ಇಟ್ಟಿಲ್ಲ ಮಾವ.

ನಿಮ್ಮ,
ಪಿಟೀಲು